ತಿಜೋರಿಯೊಳಗಿನ ವೈಫೈ

ಗ್ರಂಥಾಲಯ ಸಮಿತಿಯ ಅಧ್ಯಕ್ಷರಾದ ಶಾಂತಕುಮಾರ ಅವರಿಗೆ ನಮಸ್ಕಾರ.

ಕಳೆದ ಸೋಮವಾರ ನೀವು ಗ್ರಂಥಾಲಯದ ಫಲಕದ ಮೇಲೆ, ‘ಜರೀನಾ ಲ್ಯಾಪ್‌ಟಾಪ್ ಕೆಡಿಸಿದ್ದಾಳೆ, ಇನ್ನು ಮುಟ್ಟಕೂಡದು’ ಎಂದು ಬರೆಸಿದ್ದು ಅನ್ಯಾಯ. ಆ ಹುಡುಗಿ ಏನನ್ನೂ ಕೆಡಿಸಿಲ್ಲ. ಆನ್‌ಲೈನ್ ಪಾಠ ಹೇಳುವ ಕೆಲಸಕ್ಕೆ ಗ್ರಂಥಾಲಯದ ಲ್ಯಾಪ್‌ಟಾಪ್‌ನಲ್ಲಿ ಅವಳ ಸಂದರ್ಶನ ನಡೆದಾಗ ವೈಫೈ ಮತ್ತೆ ಮತ್ತೆ ಕಡಿದುಹೋಯಿತು, ಅಷ್ಟೆ.

ಮರುದಿನ ಅದೇ ಲ್ಯಾಪ್‌ಟಾಪ್ ಹಿಡಿದು ನಾನೇ ಕೂತೆ. ಆಫ್ ಮಾಡಿ ಆನ್ ಮಾಡಿದೆ, ಪಾಸ್‌ವರ್ಡ್ ಹೊಸದಾಗಿ ಹಾಕಿದೆ; ಸಂಪರ್ಕ ನಿಲ್ಲಲಿಲ್ಲ. ವೈಫೈ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರೆ ಸಿಪಾಯಿ ಹನಮೇಶ ಹಿಂದಿನ ತೂತಿನಿಂದ ವೈರು ಎಳೆದ ಕಬ್ಬಿಣದ ತಿಜೋರಿ ತೋರಿಸಿದ.

“ಯಾರರ ಎತ್ಕೊಂಡು ಹೋದ್ರ ಅಧ್ಯಕ್ಷರು ನನ್ನ ಬಿಡಂಗಿಲ್ರೀ ಅಕ್ಕಾರ. ಕೀಲಿ ಹಾಕಂತ ಅವರ ಹೇಳ್ಯಾರ.”

ಬಾಗಿಲು ತೆರೆಸಿದೆ, ಸಂಪರ್ಕ ಗಟ್ಟಿಯಾಗಿ ನಿಂತಿತು. ಮುಚ್ಚಿಸಿದೆ, ಮತ್ತೆ ಹೋಯಿತು. ಲ್ಯಾಪ್‌ಟಾಪನ್ನು ರಿಪೇರಿಗೆಂದು ಕುಷ್ಟಗಿಗೆ ಕಳಿಸಬೇಕಿಲ್ಲ.

ನಿಮ್ಮ ತಂದೆಯವರು ಅಧ್ಯಕ್ಷರಾಗಿದ್ದಾಗ ಊರಿನ ರೇಡಿಯೋ ಕೂಡ ಇದೇ ತಿಜೋರಿಯಲ್ಲಿತ್ತು. ಬಾಗಿಲಿಗೆ ಕಿವಿ ಹಚ್ಚಿ ವಾರ್ತೆ ಕೇಳಿದ್ದನ್ನು ನಾನು ಮರೆತಿಲ್ಲ.

ಸಂದರ್ಶನ ಮಾಡಿದವರು ಜರೀನಾಳಿಗೆ ಈ ಶುಕ್ರವಾರ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. “ಆ ಬೋರ್ಡ್ ಮುಂದ ಹಾದು ಒಳಗ ಬರಾಕ ನಾಚಿಕಿ ಆಗ್ತೈತ್ರೀ,” ಎನ್ನುತ್ತಾಳೆ. ಅಂದು ಪೆಟ್ಟಿಗೆ ಗೋಡೆಯ ಮೇಲಿರಲಿ. ಅದಕ್ಕೂ ಮೊದಲು ಅವಳ ಹೆಸರು ಅಳಿಸಿ, ವೈಫೈ ಏಕೆ ಕಡಿಯುತ್ತಿತ್ತು, ಕೀಲಿ ಹಾಕಿಸಿದವರು ಯಾರು ಎಂಬುದನ್ನು ಅದೇ ಫಲಕದ ಮೇಲೆ ನಿಮ್ಮ ಸಹಿಯೊಂದಿಗೆ ಬರೆಯಿರಿ. ನನ್ನ ಮನೆಗೆ ಬಂದು ಸಮಾಧಾನ ಹೇಳುವುದು ಬೇಡ. ಊರೆಲ್ಲ ಆರೋಪ ಓದಿದೆ, ಉತ್ತರವನ್ನೂ ಅಲ್ಲಿಯೇ ಓದಬೇಕು.

ಇಂತಿ,
ಗಾಳೆಮ್ಮ
ಗ್ರಂಥಾಲಯದ ಹಳೆಯ ಸದಸ್ಯೆ