ಒಂದು ಗೇಣು ಕೆಳಗೆ

ಮಗನಿಗೆ ಅಮ್ಮನ ಆಶೀರ್ವಾದ.

ಪ್ರವಾಸ ಚೆನ್ನಾಗಿದೆ. ನಿನ್ನೆ ಇಲ್ಲಿಯ ಹಳೆಯ ಕಾಲೇಜು ನೋಡಲು ಹೋದಾಗ ನಿನ್ನ ಹೆಂಡತಿ ಪಾಠ ನಡೆಯುತ್ತಿದ್ದ ಕೋಣೆಗೆ ಹೊಕ್ಕು ಕೊನೆಯ ಬೆಂಚಿನಲ್ಲಿ ಕೂತುಬಿಟ್ಟಳು. ಬಾಗಿಲಿನಿಂದ ಎರಡು ಸಲ ಕರೆದೆ, ತಿರುಗಿ ನೋಡಲಿಲ್ಲ. ಆಮೇಲೆ ಕೈಯೆತ್ತಿ ಮೇಷ್ಟರಿಗೆ ಏನೋ ಪ್ರಶ್ನೆಯನ್ನೂ ಕೇಳಿದಳು.

"ಕಾಲು ನೋಯ್ತಿತ್ತು ಅತ್ತೆ, ಅದಕ್ಕೇ ಕೂತೆ" ಅಂದಳು ಹೊರಗೆ ಬಂದು.

"ಕಾಲು ನೋವಿದ್ರೆ ಕೈ ಎತ್ತುತ್ತಾರೇನೇ?" ಅಂದೆ. ನಿನ್ನ ಮಗಳು ಬಿದ್ದು ಬಿದ್ದು ನಕ್ಕಳು.

ಮದುವೆಯಿಂದ ನಿಂತುಹೋದ ಓದನ್ನು ಅವಳು ಇಲ್ಲಿ ಮುಗಿಸಲಿ. ಹಾಸ್ಟೆಲು ನೋಡಿದ್ದೇನೆ, ಚೊಕ್ಕಟವಾಗಿದೆ. ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಎದುರು ಮಾತು ಬೇಡ. ಅಡಿಗೆಯನ್ನೂ ನಿನ್ನ ಮಗಳನ್ನೂ ನಾನು ನೋಡಿಕೊಳ್ಳುತ್ತೇನೆ. ನಾವು ಬರುವಷ್ಟರಲ್ಲಿ ಒಲೆಯ ಮೇಲಿನ ಡಬ್ಬಿಗಳ ಹಲಗೆಯನ್ನು ಒಂದು ಗೇಣು ಕೆಳಗಿಳಿಸಿ ಮೊಳೆ ಹೊಡೆ. ಅದು ಅವಳ ಎತ್ತರಕ್ಕಿದೆ, ನನಗೆ ಎಟುಕುವುದಿಲ್ಲ.

ನಿನ್ನ ಅಮ್ಮ