ಹೀರೋನನ್ನು ಸಾಯಿಸು ಎಂದೆ

ಜೂನ್ ೩, ಮಂಗಳವಾರ

ಬೆಳಿಗ್ಗೆ ಎರಡು ಪುಟ. ನನ್ನ ಹೀರೋ ಪೈಲಟ್ ಇನ್ನೂ ನಾಯಕಿಯ ಕೈ ಹಿಡಿದಿಲ್ಲ. ಹಿಡಿಯುವುದು ಮುಂದಿನ ವಾರ. ವಾರಪತ್ರಿಕೆಯ ಧಾರಾವಾಹಿ ಎಂದರೆ ಹಾಗೇ — ಒಂದು ಕೈ ಹಿಡಿಸಲು ತಿಂಗಳುಗಟ್ಟಲೆ ಎಳೆಯಬೇಕು. ಕಣ್ಣು ನೋವು. ಕನ್ನಡಕ ಮಾತ್ರ ಪುಣ್ಯದ್ದು, ಎಷ್ಟು ವರ್ಷವಾದರೂ ಹೊಸದರ ಹಾಗಿದೆ.

ನಾದಿನಿ ಫೋನ್. "ಅತ್ತಿಗೆ, ನೀವು ಹೇಳಿದ್ದು ನಿಜ ಆಯ್ತು! ಬಾಗಿಲು ಬಡಿದಲ್ಲಿಗೆ ಅಧ್ಯಾಯ ನಿಲ್ಲಿಸಿದೆ. ಯಾರು ಬಂದ್ರು, ಯಾರು ಬಂದ್ರು ಅಂತ ಎಲ್ಲರೂ ಕೇಳ್ತಿದ್ದಾರೆ!"

ಮೊಬೈಲ್ ಆ್ಯಪ್‌ನಲ್ಲಿ ಪ್ರೇಮಕಥೆ ಬರೆಯುತ್ತಿದ್ದಾಳೆ. ಹೀರೋ ದನದ ಡಾಕ್ಟರು. ನಕ್ಕುಬಿಟ್ಟೆ. ಸೆಗಣಿ ವಾಸನೆಯ ಹೀರೋಗೆ ಯಾರಮ್ಮಾ ಮರುಳಾಗ್ತಾರೆ? ಆದರೂ ಹೇಳಿಕೊಟ್ಟೆ — ಮುಖ ಎಷ್ಟು ಚಂದ ಅಂತ ಬರೀಬೇಡ, ಕೈ ಏನು ಮಾಡುತ್ತೆ ಅಂತ ಬರಿ. ಗೊತ್ತಿರುವವರನ್ನು ನೋಡಿ ಬರಿ.

ಪಾಪ, ಕಲಿಯಲಿ.

ಜೂನ್ ೧೯

ಸಂಪಾದಕರ ಕಚೇರಿಗೆ ಹೋಗಿದ್ದೆ. ಟೀ ತರಿಸಿದರು. ಟೀ ತರಿಸಿದರೆ ಕೆಟ್ಟ ಸುದ್ದಿ, ಇಷ್ಟು ವರ್ಷದಲ್ಲಿ ಅಷ್ಟು ಕಲಿತಿದ್ದೇನೆ.

"ಮೇಡಂ, ನಿಮ್ಮ ಪೈಲಟ್ ಕೆಳಗಿಳಿದ ಮೇಲೆ ಸ್ವಲ್ಪ ರೆಸ್ಟ್ ತಗೊಳ್ಳಿ. ಆ ದನದ ಡಾಕ್ಟರ ಕಥೆ ಬರೀತಿರೋದು ನಿಮ್ಮ ನಾದಿನಿನೇ ಅಂತೆ? ನಮ್ಮ ಮನೆಯವಳು ಒಲೆ ಮೇಲೆ ಹಾಲಿಟ್ಟು ಅದನ್ನೇ ಓದ್ತಾ ಕೂತಿರ್ತಾಳೆ. ಕೊನೇ ಅಧ್ಯಾಯ ಬರಲಿ. ಜನ ಮೆಚ್ಚಿದ್ರೆ ನಮ್ಮ ಮುಂದಿನ ಧಾರಾವಾಹಿ ಅವರದ್ದೇ."

ನನ್ನ ಪುಟ. ನನ್ನ ಪುಟ ಅದು! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಕೈ ಹಿಡಿದು ಅ ಆ ಇ ಈ ತಿದ್ದಿಸಿದ್ದು ನಾನು, ನನಗೇ ತಿರುಮಂತ್ರ!

ಮನೆಗೆ ಬಂದು ಇವರ ಮೇಲೆ ಹಾರಾಡಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಎಣ್ಣೆ ಡಬ್ಬಿ ಹಿಡಿದು ಹೊರಗೆ ಹೋಗಿ ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಾ ಕೂತರು. ತಕ್ಕಡಿ ರಿಪೇರಿ ಮಾಡುವ ಮನುಷ್ಯ. ಬಾಯಿ ಬಿಟ್ಟರೆ ಮುತ್ತು ಉದುರೀತು ಅಂತ ಭಯ. ತಂಗಿಗೆ ಒಂದು ಮಾತು ಬೈಯಬಾರದೆ?

ಜೂನ್ ೨೦

ಅವಳದ್ದು ಓದಬಾರದು ಅಂತಿದ್ದೆ. ಓದಿದೆ. ಒಂದೇ ಪಟ್ಟಿಗೆ ಕೂತು, ಅನ್ನ ತಳ ಹಿಡಿಯುವವರೆಗೆ.

ಕಾಗುಣಿತ ದೇವರಿಗೇ ಪ್ರೀತಿ. ಆದರೆ ಆ ಡಾಕ್ಟರು... ಹೆಂಡತಿ ಏಳುವ ಮೊದಲೇ ಎದ್ದು, ಅವಳ ಕನ್ನಡಕವನ್ನು ಬನಿಯನ್ ತುದಿಯಿಂದ ಒರೆಸಿ ಇದ್ದಲ್ಲೇ ಇಡುತ್ತಾನೆ. ದಿನಾ. ಅವಳಿಗೆ ಗೊತ್ತೇ ಇಲ್ಲ! ಒಳ್ಳೇ ಗಾಜು, ಕೊಳೆ ಹಿಡಿಯಲ್ಲ ಅಂದುಕೊಂಡಿದ್ದಾಳೆ, ಪೆದ್ದಿ.

ಹೊಟ್ಟೆ ಉರಿಯಿತು. ಬರೆದವಳನ್ನು ಕಂಡು ಒಂದು ಪಾಲು, ಆ ಪೆದ್ದಿಯನ್ನು ಕಂಡು ಮೂರು ಪಾಲು. ಇಂಥ ಗಂಡಸು ನನ್ನ ಯಾವ ಕಾದಂಬರಿಯಲ್ಲೂ ಇಲ್ಲ. ಮನೆಯಲ್ಲಂತೂ ಕೇಳಲೇಬೇಡಿ.

ಜೂನ್ ೨೨, ಮಧ್ಯಾಹ್ನ

ನಾದಿನಿ ಬಂದಿದ್ದಳು. "ಅತ್ತಿಗೆ, ಕೊನೆ ಹೊಳೀತಿಲ್ಲ. ನೀವೇ ಹೇಳಿ."

"ಸಾಯಿಸು."

"ಯಾರನ್ನ?"

"ಡಾಕ್ಟರನ್ನ. ಸುಖವಾಗಿದ್ರು ಅಂತ ಮುಗಿಸಿದ್ರೆ ಮರೆತುಬಿಡ್ತಾರೆ. ಸತ್ತರೆ ಜನ್ಮವಿಡೀ ನೆನಪಿಟ್ಕೊಳ್ತಾರೆ."

ಮುಖ ಸಪ್ಪಗಾಯಿತು. "ನೀವು ಹೇಳಿದ ಮೇಲೆ ಸರಿಯಾಗೇ ಇರುತ್ತೆ ಬಿಡಿ" ಅಂದು ಹೋದಳು.

ಪ್ರೇಮಕಥೆ ಓದುವವರು ಏನು ಬೇಕಾದರೂ ಕ್ಷಮಿಸುತ್ತಾರೆ, ಹೀರೋ ಸತ್ತರೆ ಕ್ಷಮಿಸುವುದಿಲ್ಲ. ನಮ್ಮ ಕಸುಬಿನ ಮೊದಲ ಪಾಠ. ಅದೊಂದನ್ನು ಮಾತ್ರ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸಂಪಾದಕರ ಹೆಂಡತಿ ಹಾಲಿನ ಪಾತ್ರೆ ಎತ್ತಿ ಬಿಸಾಡುತ್ತಾಳೆ. ನನ್ನ ಪುಟ ನನಗೇ.

ಖುಷಿಯಾಗಿದೆ. ಆಗಿದೆ.

ಜೂನ್ ೨೭

ಇನ್ನು ಒಂದೇ ಅಧ್ಯಾಯ ಬಾಕಿ. ಇವತ್ತಿನದ್ದರಲ್ಲಿ ಗಂಡ ಹೆಂಡತಿ ಜಗಳ. ಅವಳು ಕೂಗಾಡುತ್ತಾಳೆ. ಅವನು ತುಟಿ ಬಿಚ್ಚದೆ ಎಣ್ಣೆ ಡಬ್ಬಿ ಹಿಡಿದು ಹೋಗಿ ಗೇಟಿಗೆ...

ಗೇಟಿಗೆ.

ನಾದಿನಿ ಮೂರು ವರ್ಷ ನಮ್ಮನೆಯಲ್ಲಿದ್ದು ಕಾಲೇಜಿಗೆ ಹೋದವಳು. ಗೊತ್ತಿರುವವರನ್ನು ನೋಡಿ ಬರಿ ಅಂದವಳು ನಾನೇ.

ಇಲ್ಲ. ಗೇಟಿಗೆ ಯಾರು ಬೇಕಾದರೂ ಎಣ್ಣೆ ಬಿಡ್ತಾರೆ. ಮಲಗುವಾಗ ಕನ್ನಡಕಕ್ಕೆ ಎಣ್ಣೆ ಬೆರಳು ಒತ್ತಿ ಇಡುತ್ತೇನೆ. ಎರಡೂ ಗಾಜಿಗೆ. ನೋಡೇಬಿಡೋಣ.

ಜೂನ್ ೨೮, ಬೆಳಿಗ್ಗೆ

ಫಳಫಳ ಹೊಳೆಯುತ್ತಿದೆ.

ಅವರು ಬಚ್ಚಲಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದಾರೆ. ಬನಿಯನ್ ತುದಿಯಲ್ಲಿ ಎಣ್ಣೆ ಜಿಡ್ಡು.

ಆ ಪೆದ್ದಿ ನಾನು. ಗೊತ್ತಾದರೂ ಉರಿ ಆರಿಲ್ಲ. ನನಗಿಂತ ಮೊದಲು ಊರಿಗೆಲ್ಲ ಗೊತ್ತಾಯಿತಲ್ಲ! ಆ ಸಂಪಾದಕರ ಹೆಂಡತಿ ನನ್ನ ಗಂಡನನ್ನು ನೆನೆಸಿಕೊಂಡು ಹಾಲು ಉಕ್ಕಿಸುತ್ತಿದ್ದಾಳೆ!

ಹನ್ನೊಂದು ಗಂಟೆ

ಫೋನ್ ಮಾಡಿದೆ. "ಸಾಯಿಸಿಬಿಟ್ಟೆ ಅತ್ತಿಗೆ. ಬರೀತಾ ಬರೀತಾ ಅತ್ತುಬಿಟ್ಟೆ. ಸಂಜೆ ಹಾಕ್ತೀನಿ."

"ಬೇಡ. ಬದುಕಿಸು."

"ನೀವೇ ಅಂದ್ರಲ್ಲ, ನೆನಪಿಟ್ಕೊಳ್ತಾರೆ ಅಂತ..."

"ಹೊಟ್ಟೆಕಿಚ್ಚಿಗೆ ಅಂದೆ ಕಣೇ. ಅವನು ಸತ್ತರೆ ನಿನ್ನ ಕಥೆ ಮುಳುಗುತ್ತೆ. ಮುಳುಗಲಿ ಅಂತಲೇ ಅಂದೆ."

ಫೋನ್ ಇಟ್ಟೇಬಿಡ್ತಾಳೆ ಅಂದುಕೊಂಡೆ. ಮೆತ್ತಗೆ ಕೇಳಿದಳು, "ಅಣ್ಣನ ಗುರುತು ಸಿಕ್ತಾ?"

"ಹೂಂ."

"ಹಾಗಾದ್ರೆ ಹೇಳಿ. ಗೊತ್ತಾದ ಮೇಲೆ ಅವಳು ಅವನಿಗೆ ಏನು ಹೇಳ್ತಾಳೆ? ಅಷ್ಟೇ ಬರೆದು ಮುಗಿಸ್ತೀನಿ."

ಇಷ್ಟೊಂದು ಕಾದಂಬರಿ ಬರೆದೆ, ಎಲ್ಲದರಲ್ಲೂ ಕೊನೆಯ ಮಾತು ಹೀರೋದೇ. ಸಂಜೆಯೊಳಗೆ ಹೇಳ್ತೀನಿ ಅಂದೆ.

ನನ್ನ ಪುಟ ಹೋಯಿತು. ಹೋಗಲಿ ಅಂತ ಬರೆಯೋಣ ಅಂದರೆ ಕೈ ಬರುತ್ತಿಲ್ಲ.

ಸಂಜೆ, ಐದೂವರೆ

ಗೇಟು ತೆಗೆದರು. ಸದ್ದೇ ಇಲ್ಲ ಗೇಟಿಗೆ. ಚಪ್ಪಲಿ ಬಿಡುತ್ತಿದ್ದಾರೆ. ಅಲ್ಲಿ ನಾದಿನಿ ಕಾಯುತ್ತಿದ್ದಾಳೆ... ಏನಂತ ಶುರು ಮಾಡಲಿ? ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದೇನೆ. ಬರೆದದ್ದು ಕಾಣುತ್ತಿಲ್ಲ. ಒಳಗೆ ಬಂದರು. "ರೀ, ಇಲ್ಲಿ ಸ್ವಲ್ಪ ಬನ್ನಿ, ಈ ಕನ್ನಡಕ..."