ಇಂಜಿನ್ ಜಾಗದಲ್ಲಿ ಮೂವರು

೧೬ ಜೂನ್ ೧೯೫೦, ಶುಕ್ರವಾರ, ಬೇಕರ್ಸ್‌ಫೀಲ್ಡ್

ಕಾರಿನ ಮೂತಿ ಇನ್ನೂ ಮೇಲಕ್ಕೇ ಇದೆ. ಮುಂದಿನ ಆಕ್ಸೆಲ್ ಬಗ್ಗಿಸಿ ಹಾಕಿದ್ದಾಯಿತು, ಸ್ಪ್ರಿಂಗಿನ ಎರಡು ಪಟ್ಟಿ ತೆಗೆದದ್ದೂ ಆಯಿತು. ಮುಂದಿನ ಭಾನುವಾರ ನೀರು ಬತ್ತಿದ ಒಣಕೆರೆಯ ಬಯಲಲ್ಲಿ ಕಾರುಗಳ ಓಟ; ವೇಗ ಬೇಕಾದರೆ ಮೂತಿ ನೆಲದತ್ತ ತಗ್ಗಿರಬೇಕು. ಇಂಜಿನ್ ಮಾತ್ರ ರಿಪೇರಿಯಿಂದ ಬಂದಿಲ್ಲ. ಅದರ ಭಾರ ಬೀಳದೆ ಮೂತಿ ಎಷ್ಟು ತಗ್ಗುತ್ತದೆಂದು ತಿಳಿಯುವುದು ಹೇಗೆ?

ಸಂಜೆ ವರ್ನಕ್ಕನನ್ನೂ ಪಕ್ಕದ ಮನೆಯ ರಮೋನನನ್ನೂ ಇಂಜಿನ್ ಜಾಗದಲ್ಲಿ ಕೂರಿಸಿದೆ.

“ನನ್ನೇನು ಇಂಜಿನ್ ಅಂದ್ಕೊಂಡಿದ್ದೀಯೇನೋ?” ಎಂದಳು ಅಕ್ಕ.

“ಸದ್ದು ಕೇಳಿದ್ರೆ ಹಂಗೇ ಅನ್ಸುತ್ತಕ್ಕ,” ಎಂದ ರಮೋನ.

ಭಾರ ಸಾಲಲಿಲ್ಲ. ಆಗ ಜಗಲಿಯಲ್ಲಿದ್ದ ಅಪ್ಪ ಎದ್ದು ಬಂದರು. ಅದು ಅವರ ಹಳೆಯ ಫೋರ್ಡ್. ನಾನು ಅದರ ಮಡ್‌ಗಾರ್ಡ್ ಕಿತ್ತ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದರು. “ಸ್ವಲ್ಪ ಸರಿಯಮ್ಮ,” ಎಂದು ಅಕ್ಕನಿಗೆ ಹೇಳಿ, ಕಾಫಿ ಲೋಟ ಹಿಡಿದುಕೊಂಡೇ ಹತ್ತಿ ನಡುವೆ ಕೂತರು. ಕಾರು ಉಸಿರು ಬಿಟ್ಟಂತೆ ಮೆಲ್ಲಗೆ ತಗ್ಗಿತು.

ನಾನು ರಸ್ತೆಯಾಚೆ ಓಡಿಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಇಳಿಬಿಸಿಲಿಗೆ ರಸ್ತೆಯೆಲ್ಲ ಒಣಕೆರೆಯಂತೆ ಬೆಳ್ಳಗೆ ಹರಡಿತ್ತು. ಇಂಜಿನ್ನೇ ಇಲ್ಲದ ಕಾರು ಮೂವರನ್ನು ಹೊತ್ತು ಸದ್ದಿಲ್ಲದೆ ತೇಲಿ ಹೋಗುತ್ತಿದೆ ಅನ್ನಿಸಿತು. ಅಪ್ಪನ ಲೋಟದ ಹಬೆ ಕೂಡ ಹಿಂದಕ್ಕೆ ಬಾಗುತ್ತಿತ್ತು.

“ಇನ್ನೂ ಎಷ್ಟೊತ್ತು ನೋಡ್ತೀಯೋ?” ಎಂದರು ಅಪ್ಪ. ನನ್ನನ್ನೇ ಕೇಳಿದ್ದು.

ಈಗ ಮಲಗುವ ಹೊತ್ತಿಗೆ ನೆನಪಾಗುತ್ತಿದೆ, ಅಳತೆ ತೆಗೆದುಕೊಳ್ಳಲೇ ಇಲ್ಲ. ನಾಳೆ ಮೂವರನ್ನೂ ಮತ್ತೆ ಕೂರಿಸಬೇಕು. ಈ ಸಲ ಅಪ್ಪನನ್ನು ನಾನೇ ಕರೆಯುತ್ತೇನೆ.